ಸಾಗರೋಲ್ಲಂಘನವೂ ದೂತಧರ್ಮವೂ

ಶ್ರೀಹರಿವಾಯುಗುರುಗಳ ಪರಮಾನುಗ್ರಹದಿಂದ ಮಾಘ ಶುದ್ಧ ನವಮಿಯ ಪುಣ್ಯದಿನವು ನಮ್ಮೆಲ್ಲರನ್ನೂ ಮತ್ತೊಮ್ಮೆ ಒಂದೆಡೆ ಸೇರಿಸುತ್ತಲಿದೆ. ಶ್ರೀಮದಾಚಾರ್ಯರು ಉಡುಪಿಯ ಅನಂತೇಶ್ವರ ಸನ್ನಿಧಿಯಲ್ಲಿ ಶಿಷ್ಯರಿಗೆ ಐತರೇಯ ಭಾಷ್ಯವನ್ನು ಪಾಠ ಹೇಳುತ್ತಿದ್ದಂತೆಯೇ ಪುಷ್ಪವೃಷ್ಟಿಯ ಮಧ್ಯದಲ್ಲಿ ಅದೃಶ್ಯರಾಗಿ ಬದರಿಗೆ ತೆರಳಿದ ದಿನವಿದು. ಗುರುಗಳು ದೂರ ಹೋದರು. ಆದರೆ ಪಾಠವು ನಿಲ್ಲಲಿಲ್ಲ, ಪೂಜೆಯು ತಪ್ಪಲಿಲ್ಲ. ಪ್ರಿಯರಾದವರು ಕಣ್ಮರೆಯಾದ ಮೇಲೆ ಉಳಿದವರು ಹೇಗೆ ನಡೆಯತಕ್ಕದ್ದು, ಹೋದವರು ಯಾವುದನ್ನು ಜೊತೆಗೆ ಒಯ್ಯತಕ್ಕದ್ದು ಎಂಬ ವಿಚಾರವು ಈ ದಿನಕ್ಕೆ ಸಹಜವಾಗಿಯೇ ಒಪ್ಪುವಂಥದಾಗಿದೆ.

ಸಜ್ಜನರೇ, ಮೊಳಕಾಲ್ಮೂರು ಚಳ್ಳಕೆರೆ ಸೀಮೆಯ ಮನೆಗಳಲ್ಲಿ ಈ ವಿಚಾರವು ಕೇವಲ ಪುರಾಣಶ್ರವಣವಾಗಿ ಉಳಿದಿಲ್ಲ. ಮಳೆಯ ಅಭಾವಕ್ಕೆ ಹೆಸರಾದ ಸೀಮೆಯಿದು. ಒಂದೆಡೆ ರೇಷ್ಮೆಯ ಮಗ್ಗ, ಇನ್ನೊಂದೆಡೆ ಶೇಂಗಾ ಮತ್ತು ಎಣ್ಣೆಯ ಗಿರಣಿ ಇವುಗಳನ್ನು ಬಿಟ್ಟರೆ ಓದಿದ ಮಕ್ಕಳಿಗೆ ಇಲ್ಲಿ ಉದ್ಯೋಗವು ಬಹಳವಿಲ್ಲ. ಆದಕಾರಣ ಚಿತ್ರದುರ್ಗ, ದಾವಣಗೆರೆ, ಬಳ್ಳಾರಿಗಳಲ್ಲಿ ಇಂಜಿನಿಯರಿಂಗ್ ಮುಗಿಸಿದ ಮಕ್ಕಳು ಬೆಂಗಳೂರಿಗೆ ಹೋಗುತ್ತಾರೆ. ಅಲ್ಲಿಂದ ಕೆಲವರನ್ನು ಅವರ ಸಂಸ್ಥೆಗಳು ‘ಆನ್‌ಸೈಟ್’ ಎಂಬ ಹೆಸರಿನಲ್ಲಿ ಸಮುದ್ರದಾಚೆಗೆ ಕಳುಹಿಸುತ್ತವೆ. ಹೀಗೆ ಹೋಗುವುದು ಧರ್ಮವೋ ಅಧರ್ಮವೋ, ಹೋದವನ ಆಚಾರದ ಗತಿಯೇನು, ಹಿಂದೆ ಉಳಿದ ತಂದೆತಾಯಿಗಳ ಗತಿಯೇನು ಎಂದು ಕೇಳುವವರು ಪ್ರತಿ ಉತ್ಸವದಲ್ಲಿಯೂ ಇದ್ದಾರೆ. ಈ ಪ್ರಶ್ನೆಗಳನ್ನೇ ಇಂದಿನ ಪ್ರವಚನಕ್ಕೆ ವಿಷಯವಾಗಿ ನಾವು ಇಟ್ಟುಕೊಂಡಿದ್ದೇವೆ.

ಮೊದಲು ವಿಷಯದ ಸ್ವರೂಪವನ್ನು ಅರಿಯೋಣ. ಪರದೇಶದ ಒಂದು ಬ್ಯಾಂಕಿಗೋ ಆಸ್ಪತ್ರೆಗೋ ವಿಮಾ ಸಂಸ್ಥೆಗೋ ಬೇಕಾದ ಗಣಕಯಂತ್ರದ ಕ್ರಮವಿಧಿಗಳನ್ನು, ಅಂದರೆ ಸಾಫ್ಟ್‌ವೇರ್ ಅನ್ನು, ನಮ್ಮ ದೇಶದ ಸಂಸ್ಥೆಯು ಬರೆದುಕೊಡಲು ಒಪ್ಪುತ್ತದೆ. ಕೆಲಸದ ಬಹುಭಾಗವು ಬೆಂಗಳೂರಿನಲ್ಲಿಯೇ ನಡೆಯುತ್ತದೆ. ಆದರೆ ಗ್ರಾಹಕನಿಗೆ ಬೇಕಾದುದೇನೆಂದು ಅವನ ಬಾಯಿಂದಲೇ ಕೇಳುವುದಕ್ಕೂ, ಹಳೆಯ ವ್ಯವಸ್ಥೆಯನ್ನು ಕಣ್ಣಾರೆ ನೋಡುವುದಕ್ಕೂ, ಹೊಸದನ್ನು ಸ್ಥಾಪಿಸಿ ತೊಡಕುಗಳನ್ನು ಬಿಡಿಸುವುದಕ್ಕೂ ಕೆಲವರು ಗ್ರಾಹಕನ ಸ್ಥಳದಲ್ಲಿಯೇ ಇರಬೇಕಾಗುತ್ತದೆ. ಹೀಗೆ ಇರುವುದೇ ಆನ್‌ಸೈಟ್.

ಆರಂಭದ ದಿನಗಳಲ್ಲಿ ಇದರ ಪ್ರಮಾಣವು ಇನ್ನೂ ಹೆಚ್ಚಾಗಿತ್ತು. 1981ರಲ್ಲಿ ಪುಣೆಯಲ್ಲಿ ಪ್ರಾರಂಭವಾಗಿ 1983ರಲ್ಲಿ ಬೆಂಗಳೂರಿಗೆ ಬಂದ ಇನ್ಫೋಸಿಸ್ ಸಂಸ್ಥೆಯ ಮೊದಮೊದಲ ಕೆಲಸವೂ ಅಮೆರಿಕದ ಗ್ರಾಹಕರ ಬಳಿಗೇ ಹೋಗಿ ಮಾಡುವಂಥದಾಗಿತ್ತು. ಆಗ ನಮ್ಮ ದೇಶಕ್ಕೆ ಒಂದು ಗಣಕಯಂತ್ರವನ್ನು ತರಿಸಬೇಕಾದರೆ ಪರವಾನಗಿಗಾಗಿ ದೀರ್ಘಕಾಲ ಕಾಯಬೇಕಾಗಿತ್ತು. ಇಲ್ಲಿ ಬರೆದುದನ್ನು ಅಲ್ಲಿಗೆ ಕ್ಷಣದಲ್ಲಿ ಕಳುಹಿಸುವ ತಂತಿಯಾಗಲಿ ಉಪಗ್ರಹವಾಗಲಿ ಸುಲಭವಾಗಿ ದೊರೆಯುತ್ತಿರಲಿಲ್ಲ. ಆದ್ದರಿಂದ ಕೆಲಸಕ್ಕೆ ಬದಲಾಗಿ ಮನುಷ್ಯನೇ ಪ್ರಯಾಣ ಮಾಡಬೇಕಾಗಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ಉಪಗ್ರಹ ಸಂಪರ್ಕದೊಡನೆ ಕೆಲಸ ಪ್ರಾರಂಭಿಸಿತು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕುಗಳ ವ್ಯವಸ್ಥೆಯು ಬಂದಿತು. ಆ ನಂತರ ಕ್ರಮೇಣ ಇಲ್ಲಿಂದಲೇ ಮಾಡುವ ಕೆಲಸವು ಹೆಚ್ಚುತ್ತ ಬಂದಿತು. ಆದರೂ ಗ್ರಾಹಕನ ಎದುರಿಗೆ ಕುಳಿತು ಮಾಡಬೇಕಾದ ಭಾಗವು ಇಂದಿಗೂ ಉಳಿದೇ ಇದೆ.

ಇದರಲ್ಲಿ ನಾವು ಗಮನಿಸತಕ್ಕ ಅಂಶವೊಂದಿದೆ. ಆನ್‌ಸೈಟಿಗೆ ಹೋದವನು ಆ ದೇಶದ ಪ್ರಜೆಯಲ್ಲ, ಯಾತ್ರಿಕನಲ್ಲ, ವಲಸೆಗಾರನೂ ಅಲ್ಲ. ಒಬ್ಬರು ಒಪ್ಪಿಸಿದ ಕಾರ್ಯವನ್ನು ಇನ್ನೊಬ್ಬರ ನಾಡಿನಲ್ಲಿ ನೆರವೇರಿಸಲು, ಗೊತ್ತಾದ ಅವಧಿಗೆ ಹೋದವನು ಅವನು. ಅಮೆರಿಕದ ಎಚ್-1ಬಿ ವೀಸಾವನ್ನೇ ತೆಗೆದುಕೊಂಡರೆ, ಅದು ಮೊದಲು 3 ವರ್ಷಗಳಿಗೆ, ಮತ್ತೆ ವಿಸ್ತರಣೆಯಾಗಿ ಸಾಮಾನ್ಯವಾಗಿ 6 ವರ್ಷಗಳವರೆಗೆ ಮಾತ್ರ. ನೌಕರಿಯು ಹೋದರೆ ಇನ್ನೊಂದನ್ನು ಹುಡುಕಲು ಹೆಚ್ಚೆಂದರೆ 60 ದಿನಗಳ ಅವಕಾಶ. ಇಂಥವನನ್ನು ಶಾಸ್ತ್ರದ ಭಾಷೆಯಲ್ಲಿ ಏನೆಂದು ಕರೆಯೋಣ? ದೂತನೆಂದು ಕರೆಯುವುದೇ ಯುಕ್ತ. ದೂತನಿಗೆ ಒಂದು ಧರ್ಮವಿದೆ. ಆ ಧರ್ಮವನ್ನು ಅರಿತರೆ ಅನೇಕ ಸಂಶಯಗಳು ತಾವಾಗಿಯೇ ಪರಿಹಾರವಾಗುತ್ತವೆ.

ಈಗ ಸಮುದ್ರಯಾನದ ನಿಷೇಧವನ್ನು ವಿಚಾರಿಸೋಣ. ಬೋಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನಕ್ಕೆ ಕಾರಣವಾದ ಕರ್ಮಗಳಲ್ಲಿ ಎಣಿಸಿದೆ; ಕಲಿವರ್ಜ್ಯ ಪ್ರಕರಣಗಳಲ್ಲಿಯೂ ಅದರ ಪ್ರಸ್ತಾಪವಿದೆ. ಇದನ್ನು ಇಲ್ಲವೆಂದು ಹೇಳಿ ಮರೆಮಾಚುವುದು ಸರಿಯಲ್ಲ. ಅದೇ ಬೋಧಾಯನರು ಉತ್ತರದೇಶದವರಲ್ಲಿ ಸಮುದ್ರಯಾನದ ರೂಢಿಯು ಇದ್ದುದನ್ನೂ ಹೇಳಿದ್ದಾರೆ ಎಂಬುದನ್ನು ಜೊತೆಯಲ್ಲಿಯೇ ಹೇಳಬೇಕು. ತಿಂಗಳುಗಟ್ಟಲೆ ಹಡಗಿನಲ್ಲಿರುವವನಿಗೆ ಶುದ್ಧೋದಕವಿಲ್ಲ, ಸ್ನಾನವಿಲ್ಲ, ಅಗ್ನಿಯಿಲ್ಲ, ಆಹಾರನಿಯಮವಿಲ್ಲ, ನಿತ್ಯಕರ್ಮವು ಲೋಪವಾಗುತ್ತದೆ. ನಿಷೇಧದ ತಾತ್ಪರ್ಯವು ಈ ಕರ್ಮಲೋಪದಲ್ಲಿದೆಯೆಂದು ತಿಳಿಯುವುದು ಯುಕ್ತವಾಗಿದೆ. ಹಾಗಾದರೆ ಒಂದು ದಿನದೊಳಗೆ ಕಡಲನ್ನು ದಾಟಿಯೂ ಆರು ವರ್ಷ ಸಂಧ್ಯಾವಂದನೆಯನ್ನು ಬಿಟ್ಟವನಿಗೆ ಆ ದೋಷವು ತಗಲಲಾರದೇ? ಕಡಲನ್ನೇ ಕಾಣದೆ ಬೆಂಗಳೂರಿನಲ್ಲಿದ್ದುಕೊಂಡು ಅದನ್ನು ಬಿಟ್ಟವನು ತಾನು ಶುದ್ಧನೆಂದು ಹೇಳಿಕೊಳ್ಳಬಲ್ಲನೇ?

ಯತಿಗಳ ವಿಷಯವು ಬೇರೆಯೇ ಆಗಿದೆ. ಪುತ್ತಿಗೆ ಮಠದ ಶ್ರೀ ಸುಗುಣೇಂದ್ರತೀರ್ಥ ಶ್ರೀಪಾದರು ವಿದೇಶಗಳಲ್ಲಿ ಸಂಚರಿಸಿ ಅಮೆರಿಕದಲ್ಲಿ ಶ್ರೀಕೃಷ್ಣನ ಮಂದಿರಗಳನ್ನು ಸ್ಥಾಪಿಸಿದುದೂ, 2008ರ ಪರ್ಯಾಯದ ಸಂದರ್ಭದಲ್ಲಿ ಆ ವಿಷಯವು ಮಠಗಳ ನಡುವೆ ಚರ್ಚೆಗೆ ಬಂದುದೂ, 2024ರ ಜನವರಿ 18ರಂದು ಅವರೇ ನಾಲ್ಕನೆಯ ಪರ್ಯಾಯವನ್ನು ವಹಿಸಿಕೊಂಡುದೂ ವಾಚಕರಿಗೆ ತಿಳಿದ ಸಂಗತಿಗಳು. ಪೀಠದ ಪ್ರಶ್ನೆಗಳನ್ನು ಪೀಠಸ್ಥರೇ ನಿರ್ಣಯಿಸತಕ್ಕದ್ದು. ಗೃಹಸ್ಥರಾದ ನಾವು ಅದರಲ್ಲಿ ಪಕ್ಷ ಕಟ್ಟುವುದು ತರವಲ್ಲ. ನಮ್ಮ ಪ್ರಶ್ನೆಯು ಕುಟುಂಬಪೋಷಣೆಗಾಗಿ ಹೋದ ಗೃಹಸ್ಥನದು. ಅವನು ತನ್ನ ಗುರುಪೀಠದಿಂದ ಅನುಜ್ಞೆಯನ್ನೂ ಮುದ್ರಾಧಾರಣೆಯನ್ನೂ ಪಡೆದು ಹೋಗುವುದು, ಬಂದ ಮೇಲೆ ಗುರುಗಳು ವಿಧಿಸಿದ ಪ್ರಾಯಶ್ಚಿತ್ತವನ್ನು ವಿನಯದಿಂದ ಮಾಡಿಕೊಳ್ಳುವುದು ಇವೆರಡೂ ಮಾರ್ಗವು ಸುಗಮವಾಗುವ ಉಪಾಯಗಳು. ಉಡುಪಿಯ ಶ್ರೀಕೃಷ್ಣನೇ ದ್ವಾರಕೆಯಿಂದ ಗೋಪೀಚಂದನದ ಗಡ್ಡೆಯೊಳಗೆ ಕುಳಿತು ಹಡಗಿನಲ್ಲಿ ಬಂದವನು. ಮಲ್ಪೆಯ ಕಡಲಲ್ಲಿ ಬಿರುಗಾಳಿಗೆ ಸಿಕ್ಕಿದ ಆ ಹಡಗನ್ನು ಆಚಾರ್ಯರು ಉತ್ತರೀಯವನ್ನು ಬೀಸಿ ದಡಕ್ಕೆ ಕರೆದರೆಂಬುದು ನಮ್ಮ ಸಂಪ್ರದಾಯದ ಕಥೆ. ಕಡಲಿನಲ್ಲಿ ಸಂಕಟಕ್ಕೆ ಸಿಕ್ಕಿದ ವ್ಯಾಪಾರಿಗಳನ್ನು ಕಂಡು ಆಚಾರ್ಯರು ಮುಖ ತಿರುಗಿಸಲಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು.

ದೂತಧರ್ಮಕ್ಕೆ ಪರಮಾದರ್ಶವು ವಾಯುದೇವರ ಪ್ರಥಮಾವತಾರವಾದ ಹನುಮಂತದೇವರೇ. ಸೀತೆಯನ್ನು ಕಂಡುಬರುವ ಕಾರ್ಯಕ್ಕಾಗಿ ಅವರು ನೂರು ಯೋಜನದ ಸಾಗರವನ್ನು ದಾಟಿದರು. ದಾರಿಯಲ್ಲಿ ಮೈನಾಕ ಪರ್ವತವು ಎದ್ದು ನಿಂತು ವಿಶ್ರಾಂತಿಯನ್ನೂ ಫಲಾಹಾರವನ್ನೂ ನೀಡಬಂದಿತು. ಅವರು ಅದನ್ನು ತಿರಸ್ಕರಿಸಲಿಲ್ಲ. ಕೈಯಿಂದ ಮುಟ್ಟಿ ಗೌರವಿಸಿ, ಕಾರ್ಯಕಾಲವು ಮೀರುವುದೆಂದು ಹೇಳಿ ಮುಂದೆ ಸಾಗಿದರು. ಲಂಕೆಯಲ್ಲಿ ಬಂಗಾರದ ಪ್ರಾಕಾರಗಳನ್ನೂ ರಾವಣನ ಪಾನಶಾಲೆಯನ್ನೂ ಅಂತಃಪುರವನ್ನೂ ಕಂಡರು. ಕಂಡ ಬಳಿಕ ತಮ್ಮ ಮನಸ್ಸನ್ನು ತಾವೇ ಪರೀಕ್ಷಿಸಿಕೊಂಡರು. ಅದರಲ್ಲಿ ವಿಕಾರವಿಲ್ಲವೆಂದು ದೃಢಪಡಿಸಿಕೊಂಡು ಹುಡುಕಾಟವನ್ನು ಮುಂದುವರಿಸಿದರು. ರಾಮದೇವರ ಉಂಗುರವನ್ನು ಕೊಟ್ಟರು, ಸೀತಾದೇವಿಯ ಚೂಡಾಮಣಿಯನ್ನು ಪಡೆದರು, ಹಿಂದಿರುಗಿದರು. ಇಷ್ಟೇ ಕಥೆ. ಆತಿಥ್ಯವನ್ನು ಗೌರವಿಸಿ ಅದರಲ್ಲಿ ಮುಳುಗದಿರುವುದು, ವೈಭವವನ್ನು ನೋಡಿ ತನ್ನ ಮನಸ್ಸನ್ನು ತಾನೇ ಕೇಳಿಕೊಳ್ಳುವುದು, ಕಳುಹಿಸಿದವರ ಗುರುತನ್ನು ಕಳೆಯದಿರುವುದು, ಬರುವಾಗ ಬರಿಗೈಯಲ್ಲಿ ಬಾರದಿರುವುದು, ಈ ನಾಲ್ಕೂ ಅದರಲ್ಲಿವೆ.

ಪುರಾಣದ ಮಾತಾಯಿತು, ಇನ್ನು ನಮ್ಮ ನೆಲದ ಒಂದು ಸಾಕ್ಷಿಯನ್ನು ನೋಡೋಣ. ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿ ಇರುವ ಬ್ರಹ್ಮಗಿರಿಯ ಬಂಡೆಯ ಮೇಲೆ, ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರ ಬೆಟ್ಟದಲ್ಲಿ, ಹೀಗೆ ಮೂರು ಕಡೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಕ್ರಿ.ಪೂ. 3ನೆಯ ಶತಮಾನದ ಈ ಬರಹಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲ ಎಂಬ ಇಲ್ಲಿಯ ಪಟ್ಟಣದ ಅಧಿಕಾರಿಗಳ ಆರೋಗ್ಯವನ್ನು ವಿಚಾರಿಸಿ ಕಳುಹಿಸಿದ ಆಜ್ಞೆಯಿದು. ಅದರಲ್ಲಿ 256 ಎಂಬ ಸಂಖ್ಯೆಯು ಬರುತ್ತದೆ. ಅರಸನು ಮನೆಯನ್ನು ಬಿಟ್ಟು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವದು ಎಂದು ವಿದ್ವಾಂಸರು ಅರ್ಥ ಮಾಡುತ್ತಾರೆ.

ಆ ಶಾಸನವನ್ನು ಬರೆದ ಲಿಪಿಕಾರನ ಹೆಸರು ಚಪಡ. ಶಾಸನವೆಲ್ಲವೂ ಪ್ರಾಕೃತ ಭಾಷೆಯಲ್ಲಿ, ಈ ಕಡೆ ಬಳಕೆಯಲ್ಲಿದ್ದ ಬ್ರಾಹ್ಮೀ ಲಿಪಿಯಲ್ಲಿದೆ. ಆದರೆ ಕೊನೆಯಲ್ಲಿ ತನ್ನ ಹೆಸರಿನ ಮುಂದೆ ‘ಲಿಪಿಕಾರನಿಂದ’ ಎಂಬ ಒಂದು ಪದವನ್ನು ಮಾತ್ರ ಅವನು ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಬಲದಿಂದ ಎಡಕ್ಕೆ ಬರೆಯುವ ಆ ಲಿಪಿಯು ಗಾಂಧಾರದ ಕಡೆಯದು. ಭರತಖಂಡದ ವಾಯವ್ಯದ ಗಡಿಯದು. ಆದಕಾರಣ ಅವನು ಆ ನಾಡಿನಿಂದ ಬಂದವನು ಅಥವಾ ಅಲ್ಲಿ ವಿದ್ಯೆ ಕಲಿತವನು ಎಂದು ಊಹಿಸುವುದು ಸಹಜವೇ ಆಗಿದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ, ಅಷ್ಟು ದೂರದ ವಿದ್ಯೆಯನ್ನು ಹೊತ್ತ ಒಬ್ಬ ಲೇಖಕನು ಒಪ್ಪಿಸಿದ ಕೆಲಸಕ್ಕಾಗಿ ನಮ್ಮ ಮೊಳಕಾಲ್ಮೂರು ಸೀಮೆಯಲ್ಲಿ ದುಡಿದಿದ್ದಾನೆ. ಓದುವವರಿಗೆ ತಿಳಿಯಬೇಕಾದುದನ್ನೆಲ್ಲ ಓದುವವರ ಲಿಪಿಯಲ್ಲಿ ಬರೆದನು. ತನ್ನ ವೃತ್ತಿಯ ಗುರುತನ್ನು ಮಾತ್ರ ತನ್ನ ಲಿಪಿಯಲ್ಲಿ ಉಳಿಸಿದನು. ಇಂದು ನಮ್ಮ ಮಕ್ಕಳು ಹೊರಗೆ ಹೋಗುವ ಈ ಊರಿಗೆ ಅಂದು ಹೊರಗಿನ ಲೇಖಕನೊಬ್ಬನು ಬಂದಿದ್ದನೆಂಬುದು ಆಲೋಚಿಸತಕ್ಕ ವಿಷಯವಲ್ಲವೇ?

ಆ ಶಾಸನವು ಹೇಳುವ ಧರ್ಮವಾದರೂ ಯಾವುದು? ತಂದೆತಾಯಿಗಳ ಶುಶ್ರೂಷೆ ಮಾಡಬೇಕು, ಪ್ರಾಣಿಗಳಲ್ಲಿ ದಯೆಯು ದೃಢವಾಗಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು, ಬಂಧುಗಳಲ್ಲಿ ಯಥೋಚಿತವಾಗಿ ನಡೆಯಬೇಕು, ಇದು ಪುರಾತನವಾದ ರೀತಿ ಎಂಬುದೇ ಅದರ ಸಾರ. ಅಶೋಕನು ಬೌದ್ಧನಾಗಿದ್ದನು, ಅವನ ಸಿದ್ಧಾಂತಕ್ಕೂ ನಮ್ಮ ಸಿದ್ಧಾಂತಕ್ಕೂ ಬಹಳ ಅಂತರವಿದೆ. ಆದರೆ ಈ ಮಾತುಗಳು ತೈತ್ತಿರೀಯ ಶಿಕ್ಷಾವಲ್ಲಿಯಲ್ಲಿ ವಿದ್ಯೆಯನ್ನು ಮುಗಿಸಿ ಹೊರಡುವ ಶಿಷ್ಯನಿಗೆ ಗುರುವು ಹೇಳುವ ಉಪದೇಶಕ್ಕೆ ಎಷ್ಟು ಸಮೀಪವಾಗಿವೆಯೆಂಬುದನ್ನು ವೇದಪಾಠ ಮಾಡಿದವರು ಬಲ್ಲರು. ಅದೂ ಮನೆಯನ್ನು ಬಿಟ್ಟು ಹೊರಡುವವನಿಗೆ ಹೇಳಿದ ಮಾತೇ. ಇವುಗಳಲ್ಲಿ ಸತ್ಯ ಮತ್ತು ಮಾತಾಪಿತೃಸೇವೆ ಎಂಬ ಎರಡನ್ನೂ, ನಡುವೆ ನಿತ್ಯಕರ್ಮವನ್ನೂ ಸೇರಿಸಿ, ಆನ್‌ಸೈಟಿಗೆ ಹೋಗುವವನು ಹೇಗೆ ಪಾಲಿಸಬೇಕೆಂದು ನೋಡೋಣ.

ಮೊದಲನೆಯದು ಸತ್ಯ. ಈ ವೃತ್ತಿಯಲ್ಲಿ ಅಸತ್ಯವು ಪ್ರವೇಶಿಸುವ ಬಾಗಿಲುಗಳನ್ನು ಹೆತ್ತವರೂ ತಿಳಿದಿರಬೇಕು. ಎರಡು ವರ್ಷಗಳ ಅನುಭವವನ್ನು ಆರು ಎಂದು ಅರ್ಜಿಯಲ್ಲಿ ಬರೆಯುವುದು, ಅರಿಯದ ವಿದ್ಯೆಯನ್ನು ಅರಿತೆನೆಂದು ಹೇಳುವುದು, ಸಂದರ್ಶನದಲ್ಲಿ ತನ್ನ ಬದಲಿಗೆ ಇನ್ನೊಬ್ಬನಿಂದ ಉತ್ತರ ಹೇಳಿಸುವುದು ಇಂಥ ಕಪಟಗಳು ನಡೆದುದುಂಟು. ಗ್ರಾಹಕನು ಗಂಟೆಗೆ ಇಷ್ಟೆಂದು ಹಣ ಕೊಡುತ್ತಾನೆ. ಮಾಡದ ಗಂಟೆಯನ್ನು ಮಾಡಿದೆನೆಂದು ಬರೆದರೆ ಅದು ಪರದ್ರವ್ಯಾಪಹರಣವೇ ಹೊರತು ಜಾಣತನವಲ್ಲ. ಬ್ಯಾಂಕಿನ ಖಾತೆಗಳೂ ರೋಗಿಗಳ ವಿವರಗಳೂ ಅವನ ಕಣ್ಣೆದುರಿಗಿರುತ್ತವೆ; ನೋಡಬಾರದುದನ್ನು ನೋಡದಿರುವುದು ಅಲ್ಲಿಯ ಇಂದ್ರಿಯನಿಗ್ರಹ. ದೂತನ ಮಾತಿನಲ್ಲಿ ಸುಳ್ಳು ಸೇರಿದರೆ ಕಳುಹಿಸಿದವನ ಕಾರ್ಯವೂ ಕೆಡುತ್ತದೆ, ಹಿಂದೆ ಬರುವ ಹತ್ತು ಜನರ ದಾರಿಯೂ ಮುಚ್ಚುತ್ತದೆ.

ಎರಡನೆಯದು ನಿತ್ಯಕರ್ಮ. ಶ್ರೀರಾಘವೇಂದ್ರತೀರ್ಥರು ಪೂರ್ವಾಶ್ರಮದಲ್ಲಿ ವೆಂಕಟನಾಥರಾಗಿ ಕಡುಬಡತನದಲ್ಲಿದ್ದಾಗ, ಒಂದು ಮನೆಯ ಸಮಾರಾಧನೆಯಲ್ಲಿ ಅವರಿಗೆ ಗಂಧ ತೇಯುವ ಕೆಲಸವನ್ನು ಹಚ್ಚಿದರಂತೆ. ತೇಯುತ್ತ ಅವರು ಮನಸ್ಸಿನಲ್ಲಿ ಅಗ್ನಿಸೂಕ್ತವನ್ನು ಪಠಿಸುತ್ತಿದ್ದರು; ಆ ಗಂಧವನ್ನು ಹಚ್ಚಿಕೊಂಡವರ ಮೈ ಉರಿಯಿತು. ಪರರ ಮನೆಯಲ್ಲಿ ಪರರ ಕೆಲಸವನ್ನು ಮಾಡುತ್ತಿದ್ದರೂ ಬಾಯಲ್ಲಿ ಮಂತ್ರವನ್ನು ಬಿಡದಿದ್ದುದು, ಕೈಯ ಕೆಲಸಕ್ಕೆ ಮನಸ್ಸಿನ ಪಾಠವು ಇಳಿದುಬಂದುದು, ಇವೆರಡನ್ನೂ ಗಣಕಯಂತ್ರದ ಮುಂದೆ ಕುಳಿತವರು ಮನನ ಮಾಡತಕ್ಕದ್ದು. ಸಂಧ್ಯಾವಂದನೆಗೆ ಬೇಕಾದುದು ಒಂದು ತಂಬಿಗೆ ನೀರು, ಸ್ವಲ್ಪ ಹೊತ್ತು. ಅದು ಯಾವ ದೇಶದಲ್ಲಿಯೂ ದುರ್ಲಭವಲ್ಲ.

ಆದರೆ ಕಾಲನಿರ್ಣಯದಲ್ಲಿ ಅನೇಕರು ತೊಡಕಿಗೆ ಬೀಳುತ್ತಾರೆ. ಊರಿನಿಂದ ಒಯ್ದ ಪಂಚಾಂಗವನ್ನು ನೋಡಿ ಅದೇ ತಾರೀಖಿಗೆ ಅಮೆರಿಕದಲ್ಲಿ ಏಕಾದಶಿಯನ್ನು ಆಚರಿಸುವುದು ಎಲ್ಲ ಸಲವೂ ಸರಿಯಾಗದು. ತಿಥಿಯೆಂದರೆ ಸೂರ್ಯಚಂದ್ರರ ನಡುವೆ 12 ಅಂಶಗಳ ಅಂತರವು ಬೆಳೆಯುವ ಕಾಲ. ಅದು ಪ್ರಾರಂಭವಾಗುವ ಕ್ಷಣವು ಲೋಕಕ್ಕೆಲ್ಲ ಒಂದೇ. ಸೂರ್ಯೋದಯವು ಮಾತ್ರ ಊರಿಗೊಂದು. ನಮ್ಮ ಸಂಪ್ರದಾಯದಲ್ಲಿ ಸೂರ್ಯೋದಯಕ್ಕೆ ಮೊದಲಿನ 4 ಘಳಿಗೆ, ಅಂದರೆ 96 ನಿಮಿಷಗಳ ಅರುಣೋದಯ ಕಾಲದಲ್ಲಿ ದಶಮಿಯ ವೇಧವಿದ್ದರೆ ಅಂದು ಉಪವಾಸವಿಲ್ಲ. ಒಂದು ದೃಷ್ಟಾಂತವನ್ನು ನೋಡಿರಿ. ಬೇಸಿಗೆಯ ಒಂದು ಮಂಗಳವಾರ ಬೆಳಗಿನ 11 ಗಂಟೆಗೆ ಇಲ್ಲಿ ದಶಮಿಯು ಮುಗಿದು, ಬುಧವಾರ ಬೆಳಗಿನ 9 ಗಂಟೆಯವರೆಗೆ ಏಕಾದಶಿ ಇದೆಯೆನ್ನೋಣ. ಮೊಳಕಾಲ್ಮೂರಿನಲ್ಲಿ ಬುಧವಾರ ಉಪವಾಸ. ಅದೇ ದಶಮಿಯು ಮುಗಿಯುವಾಗ ನ್ಯೂಜೆರ್ಸಿಯಲ್ಲಿ ಮಂಗಳವಾರ ನಡುರಾತ್ರಿ ಕಳೆದು 1 ಗಂಟೆ 30 ನಿಮಿಷ. ಅರುಣೋದಯಕ್ಕೆ ಮೊದಲೇ ಏಕಾದಶಿಯು ಪ್ರವೇಶಿಸಿರುವುದರಿಂದ ಅಲ್ಲಿಯವರಿಗೆ ಮಂಗಳವಾರವೇ ಉಪವಾಸ, ಬುಧವಾರ ಪಾರಣೆ. ತಾಯಿಯು ಇಲ್ಲಿ ಉಪವಾಸವಿರುವ ದಿನ ಮಗನು ಅಲ್ಲಿ ಪಾರಣೆ ಮಾಡಿದರೆ ಅದು ವ್ರತಭಂಗವಲ್ಲ, ಅದೇ ವ್ರತದ ಕ್ರಮ. ಆದ್ದರಿಂದ ಹೋದ ಊರಿಗೆ ಗಣಿಸಿದ ಪಂಚಾಂಗವನ್ನೇ ಇಟ್ಟುಕೊಳ್ಳಬೇಕು. ಸಂಕಲ್ಪದಲ್ಲಿ ದೇಶಕಾಲಗಳನ್ನು ಉಚ್ಚರಿಸುವುದರ ಅರ್ಥವೂ ಇದೇ. ಅಮೆರಿಕದಲ್ಲಿ ಪುರೋಹಿತರು ಕ್ರೌಂಚದ್ವೀಪವನ್ನು ಸ್ಮರಿಸುವ ರೂಢಿಯಿದೆ. ತಾನು ಎಲ್ಲಿ ನಿಂತಿದ್ದಾನೆಂಬುದನ್ನು ದೇವರ ಮುಂದೆ ನಿಜವಾಗಿ ಹೇಳಿಕೊಂಡ ಮೇಲೆಯೇ ಕರ್ಮವು ಪ್ರಾರಂಭವಾಗುತ್ತದೆ.

ಮೂರನೆಯದು ಮಾತಾಪಿತೃಗಳ ವಿಷಯ. ಎಲ್ಲಕ್ಕಿಂತ ಕಠಿಣವಾದುದು ಇದೇ. ಹಣವನ್ನು ಕಳುಹಿಸುವುದು ಸುಲಭ. ಪ್ರತಿದಿನ ದೂರವಾಣಿಯಲ್ಲಿ ಮುಖವನ್ನು ನೋಡುವುದೂ ಈಗ ಸುಲಭ. ಆದರೆ ರಾತ್ರಿಯಲ್ಲಿ ಎದೆ ನೋವು ಬಂದಾಗ ಚಳ್ಳಕೆರೆಗೋ ಬಳ್ಳಾರಿಗೋ ಕರೆದೊಯ್ಯುವ ಕೈ ಯಾವುದು? ಕಡೆಯ ಗಳಿಗೆಯಲ್ಲಿ ಬಾಯಿಗೆ ತೀರ್ಥ ಬಿಡುವವರು ಯಾರು? ಮಗನು ವಿಮಾನ ಹಿಡಿದು ಬರುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಈ ಭಯವು ಅನೇಕ ಮನೆಗಳಲ್ಲಿ ಮಾತಾಗಿ ಹೊರಬಾರದೆ ಉಳಿದಿದೆ.

ಇದಕ್ಕೆ ರಾಮಾಯಣವೇ ಸಮಾಧಾನ ಹೇಳುತ್ತದೆ. ದಶರಥ ಮಹಾರಾಜನಿಗೆ ನಾಲ್ವರು ಮಕ್ಕಳು; ಅವನು ಪ್ರಾಣ ಬಿಟ್ಟಾಗ ಒಬ್ಬನೂ ಬಳಿಯಲ್ಲಿರಲಿಲ್ಲ. ಇಬ್ಬರು ಅರಣ್ಯದಲ್ಲಿ, ಇಬ್ಬರು ಕೇಕಯದಲ್ಲಿ. ಭರತನು ಬರುವ ತನಕ ದೇಹವನ್ನು ತೈಲದ ದೋಣಿಯಲ್ಲಿ ಇರಿಸಬೇಕಾಯಿತು. ಶ್ರೀರಾಮಚಂದ್ರನು ವಾರ್ತೆಯನ್ನು ಕೇಳಿದುದು ಚಿತ್ರಕೂಟದಲ್ಲಿ. ಅಲ್ಲಿಯೇ ಮಂದಾಕಿನಿಯಲ್ಲಿ ಇಳಿದು, ಕಾಡಿನಲ್ಲಿ ದೊರೆತ ಇಂಗುದಿಯ ಹಿಂಡಿಯಿಂದ ಪಿಂಡವನ್ನಿತ್ತನು. ದೂರದಲ್ಲಿದ್ದ ಮಗನನ್ನು ಶಾಸ್ತ್ರವು ಕೈಬಿಡುವುದಿಲ್ಲವೆಂಬುದಕ್ಕೆ ಸಾಕ್ಷಾತ್ ಭಗವಂತನ ಆಚರಣೆಗಿಂತ ಬೇರೆ ಪ್ರಮಾಣ ಬೇಕೇ? ಮುಂದೆ ಜಟಾಯುವು ಸೀತೆಗಾಗಿ ಹೋರಾಡಿ ಬಿದ್ದಾಗ, ತಂದೆಗೆ ಮಾಡಲಾಗದಿದ್ದ ಸಂಸ್ಕಾರವನ್ನು ತಂದೆಯ ಮಿತ್ರನಿಗೆ ರಾಮನು ತನ್ನ ಕೈಯಿಂದಲೇ ಮಾಡಿದನು. ಜಟಾಯುವು ಬಿದ್ದ ಸ್ಥಳವೆಂದು ನಮ್ಮ ಜನರು ನಂಬಿರುವ ಬೆಟ್ಟವು ಬೇರೆಲ್ಲಿಯೂ ಅಲ್ಲ, ಚಪಡನ ಕೈಬರಹವಿರುವ ಆ ಜಟಿಂಗ ರಾಮೇಶ್ವರವೇ ಆಗಿದೆ.

ಇದರಿಂದ ನಾವು ಎರಡು ಕರ್ತವ್ಯಗಳನ್ನು ತಿಳಿಯತಕ್ಕದ್ದು. ಹೋದವನು ತಾನಿದ್ದಲ್ಲಿ ಕಣ್ಣಿಗೆ ಬಿದ್ದ ವೃದ್ಧರನ್ನು, ಅವರು ಯಾವ ಜನಾಂಗದವರೇ ಆಗಿರಲಿ, ಆದರದಿಂದ ಕಾಣಬೇಕು. ಇಲ್ಲಿ ಉಳಿದವರು, ಮಗನು ದೂರವಿರುವ ನೆರೆಮನೆಯ ಹಿರಿಯರಿಗೆ ತಾವೇ ಮಗನ ಸ್ಥಾನದಲ್ಲಿ ನಿಲ್ಲಬೇಕು. ಯಾರ ಮನೆಯಲ್ಲಿ ಹಿರಿಯರು ಒಂಟಿಯಾಗಿದ್ದಾರೆ, ಯಾರು ವಾರಕ್ಕೊಮ್ಮೆ ಹೋಗಿ ನೋಡಬೇಕು, ಅವಸರದಲ್ಲಿ ಯಾರ ವಾಹನ ಎಂಬುದನ್ನು ಪ್ರತಿ ಊರಿನ ದೇವಸ್ಥಾನದಲ್ಲಿ ಸೇರಿದವರು ತಮ್ಮತಮ್ಮೊಳಗೆ ಗೊತ್ತುಮಾಡಿಕೊಂಡರೆ, ಅದು ಉತ್ಸವಕ್ಕೆ ಕೊಡುವ ಕಾಣಿಕೆಗಿಂತ ಕಡಿಮೆಯ ಸೇವೆಯಲ್ಲ. ಹೋಗುವ ಮಗನೂ ಸೊಸೆಯೂ ಹೊರಡುವ ಮೊದಲೇ ತಂದೆತಾಯಿಗಳೊಡನೆ ಕುಳಿತು, ಆಪತ್ಕಾಲದಲ್ಲಿ ಯಾರನ್ನು ಕರೆಯಬೇಕು, ತಾವು ಬರುವುದು ತಡವಾದರೆ ಸಂಸ್ಕಾರವನ್ನು ಯಾರು ನಡೆಸತಕ್ಕದ್ದು ಎಂಬುದನ್ನು ಪುರೋಹಿತರ ಸಮ್ಮುಖದಲ್ಲಿ ನಿರ್ಣಯಿಸಬೇಕು. ಇದು ಅಶುಭವಾದ ಮಾತೆಂದು ಮುಂದೂಡಿದರೆ, ಆ ಗಳಿಗೆಯಲ್ಲಿ ದುಃಖದೊಡನೆ ಗೊಂದಲವೂ ಕೂಡುತ್ತದೆ.

ಇನ್ನು ಮನೆಯವರಿಗೆ ಒಂದು ಮಾತನ್ನು ಹೇಳದೆ ಈ ಪ್ರವಚನವನ್ನು ಮುಗಿಸಲಾಗದು. ಮಗನು ಹೊರಡುವಾಗ ಹಾರ ಹಾಕುತ್ತೇವೆ, ಬಂಧುಗಳಿಗೆಲ್ಲ ತಿಳಿಸುತ್ತೇವೆ, ವಧುವನ್ನು ನೋಡುವಾಗ ವೀಸಾವನ್ನು ಗೋತ್ರದ ಪಕ್ಕದಲ್ಲಿಟ್ಟು ಹೇಳುತ್ತೇವೆ. ಅವನು ಹಿಂದಿರುಗಿದಾಗ ಮಾತ್ರ ‘ಏಕೆ ಬಂದೆ’ ಎಂದು ಕೇಳುತ್ತೇವೆ. ಈಗಿನ ಕಾಲದಲ್ಲಿ ಬರುವವರ ಸಂಖ್ಯೆಯು ಕಡಿಮೆಯಾಗಲಾರದು. 2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷರು ಹೊರಡಿಸಿದ ಘೋಷಣೆಯು ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರಿನ ಶುಲ್ಕವನ್ನು ವಿಧಿಸಿತು. ಒಪ್ಪಂದವು ಮುಗಿಯಿತೆಂದು, ನೌಕರಿಯು ಹೋಯಿತೆಂದು, ತಾಯಿಯ ಕಾಯಿಲೆಯೆಂದು ಬರುವವರೂ ಇದ್ದಾರೆ. ಊರಿನವರ ಮಾತಿಗೆ ಅಂಜಿ, 60 ದಿನಗಳ ಆತಂಕವನ್ನು ಒಬ್ಬನೇ ಅನುಭವಿಸುತ್ತ, ಮನೆಗೆ ‘ಎಲ್ಲವೂ ಕ್ಷೇಮ’ ಎಂದು ಹೇಳುವ ಮಗನ ಸ್ಥಿತಿಯನ್ನು ಸ್ವಲ್ಪ ಆಲೋಚಿಸಿರಿ. ಅವನಿಂದ ಆ ಸುಳ್ಳನ್ನು ಹೇಳಿಸುವುದು ಪರದೇಶವಲ್ಲ, ನಮ್ಮ ಜಂಬ.

ಹನುಮಂತದೇವರು ಹೊರಟಾಗ ಉತ್ಸವವು ನಡೆಯಲಿಲ್ಲ; ದಕ್ಷಿಣ ಸಮುದ್ರದ ದಡದಲ್ಲಿ ಕಪಿಗಳು ಚಿಂತೆಯಿಂದ ಕುಳಿತಿದ್ದರು. ಉತ್ಸವವು ನಡೆದುದು ಅವರು ಹಿಂದಿರುಗಿದ ಮೇಲೆ. ಕಪಿಸೇನೆಯು ಮಧುವನಕ್ಕೆ ನುಗ್ಗಿ ಜೇನನ್ನು ಕುಡಿದು ಕುಣಿಯಿತು. ಕಾವಲಿನ ದಧಿಮುಖನು ದೂರು ತಂದಾಗ ಸುಗ್ರೀವನು ಸಿಟ್ಟಾಗಲಿಲ್ಲ, ಕಾರ್ಯವು ಸಿದ್ಧಿಸಿದೆಯೆಂದು ಅದರಿಂದಲೇ ಊಹಿಸಿ ಹರ್ಷಪಟ್ಟನು. ಶ್ರೀರಾಮದೇವರು ತಮ್ಮಲ್ಲಿ ಕೊಡಲು ಬೇರೇನೂ ಇಲ್ಲವೆಂದು ಹೇಳಿ ಹನುಮಂತದೇವರನ್ನು ಆಲಿಂಗಿಸಿಕೊಂಡರು. ದೂತನಿಗೆ ದೊರೆಯತಕ್ಕ ಪ್ರತಿಫಲವದು. ದೂತನು ಹಿಂದಿರುಗುವುದು ಸೋಲಲ್ಲ. ಹಿಂದಿರುಗುವುದರಲ್ಲಿಯೇ ದೌತ್ಯವು ಪೂರ್ಣವಾಗುತ್ತದೆ. ಬಂದವನು ಹೊರಗೆ ಕಲಿತ ವಿದ್ಯೆಯನ್ನು ತನಗೆ ಅಕ್ಷರ ಕಲಿಸಿದ ಶಾಲೆಯ ಮಕ್ಕಳಿಗೆ ವಾರದಲ್ಲಿ ಒಂದು ಗಂಟೆ ಹೇಳಿಕೊಟ್ಟರೆ, ಅದೇ ಅವನು ತಂದ ಚೂಡಾಮಣಿ. ಶಾಸನವು ಹೇಳಿದ ಆಚಾರ್ಯಗೌರವವೂ ಅದೇ.

ಕೆಲವರು ಅಲ್ಲಿಯೇ ನೆಲೆಸುವರು. ಅವರನ್ನೂ ನಾವು ನಿಂದಿಸತಕ್ಕದ್ದಲ್ಲ. ಚಪಡನು ತನ್ನ ನಾಡಿಗೆ ಹಿಂದಿರುಗಿದ ಸಂಗತಿಯನ್ನು ಬಂಡೆಯು ಹೇಳುವುದಿಲ್ಲ. ಅವನು ತನ್ನ ಲಿಪಿಯನ್ನು ಮರೆಯಲಿಲ್ಲವೆಂಬುದನ್ನು ಮಾತ್ರ ಹೇಳುತ್ತದೆ. ನೆಲೆಸಿದವರು ಮಕ್ಕಳಿಗೆ ಕನ್ನಡದ ಅಕ್ಷರಗಳನ್ನೂ ದಾಸರ ಪದಗಳನ್ನೂ ಕಲಿಸಿ, ಏಕಾದಶಿ ದ್ವಾದಶಿಗಳನ್ನು ತೋರಿಸಿ, ಅಜ್ಜ ಅಜ್ಜಿಯರ ಊರಿನ ಹೆಸರನ್ನು ಬಾಯಲ್ಲಿ ಉಳಿಸಲಿ. ಹೋದವರಿಗೂ ಉಳಿದವರಿಗೂ ಹಿಂದಿರುಗಿದವರಿಗೂ ಮುಖ್ಯಪ್ರಾಣಾಂತರ್ಗತನಾದ ಶ್ರೀಸೀತಾಪತಿಯು ಸನ್ಮತಿಯನ್ನೂ ಸೌಖ್ಯವನ್ನೂ ಅನುಗ್ರಹಿಸಲೆಂದು ಪ್ರಾರ್ಥಿಸಿ ಈ ವಾಕ್‌ಪುಷ್ಪವನ್ನು ಸಮರ್ಪಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು